ಹಳೇ ಗಾಡಿಯ ಇಂಜಿನ್: ಬಿಚ್ಚಿ ಕೆಲಸ ಮಾಡಿಸುವುದೋ, ಬೇರೆ ಇಂಜಿನ್ ಕೂರಿಸುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಹತ್ತು, ಹದಿನೈದು, ಇಪ್ಪತ್ತು ವರ್ಷ ಓಡಿದ ಮಾರುತಿ 800, ಓಮ್ನಿ, ಸ್ವಿಫ್ಟ್ ಡೀಸೆಲ್, ಕ್ವಾಲಿಸ್, ಇನ್ನೋವಾ, ಬೊಲೆರೊ ಇಟ್ಟುಕೊಂಡವರು ಗ್ಯಾರೇಜಿನಿಂದ ಫೋನ್ ಬಂದ ದಿನ ಕೇಳುವ ಪ್ರಶ್ನೆಗಳಿವು. ಓದುವಾಗ ಒಂದು ಮಾತು ಮನಸ್ಸಿನಲ್ಲಿರಲಿ. ಇಂಜಿನ್‌ನಲ್ಲಿ ಏನು ಹೋಗಿದೆ, ಯಾಕೆ ಹೋಗಿದೆ, ಈ ಎರಡಕ್ಕೂ ಉತ್ತರ ಸಿಗುವ ತನಕ ಒಂದು ರೂಪಾಯಿಯನ್ನೂ ಅಡ್ವಾನ್ಸ್ ಕೊಡಬೇಡಿ.

ಮೆಕ್ಯಾನಿಕ್ "ಇಂಜಿನ್ ಬೋರಿಗೆ ಬಂದಿದೆ" ಅಂದುಬಿಟ್ಟರು. ನಂಬಬಹುದಾ?

ಬೋರಿಗೆ ಬಂದಿದೆ ಅಂದರೆ ಸಿಲಿಂಡರಿನ ಒಳಗೋಡೆ ಸವೆದಿದೆ, ಪಿಸ್ಟನ್ ರಿಂಗ್‌ಗಳು ಗೋಡೆಗೆ ಸರಿಯಾಗಿ ಕೂರುತ್ತಿಲ್ಲ ಎಂದರ್ಥ. ಪಿಕಪ್ ಇಲ್ಲ, ಆಯಿಲ್ ಕಡಿಮೆಯಾಗುತ್ತಿದೆ, ಸೈಲೆನ್ಸರ್‌ನಲ್ಲಿ ಹೊಗೆ ಬರುತ್ತಿದೆ ಎಂಬ ಮೂರು ದೂರು ಕೇಳಿದ ಕೂಡಲೇ ಈ ಮಾತು ಹೇಳುವವರಿದ್ದಾರೆ. ಆದರೆ ಇದೇ ಮೂರು ದೂರು ವಾಲ್ವ್ ಸೀಲ್ (ವಾಲ್ವ್ ಪಕ್ಕದಿಂದ ಆಯಿಲ್ ಒಳಗಿಳಿಯದಂತೆ ತಡೆಯುವ ರಬ್ಬರ್) ಗಟ್ಟಿಯಾದರೂ ಬರುತ್ತವೆ, ಇಂಜಿನ್‌ಗೆ ಗಾಳಿ ಒತ್ತಿ ತುಂಬುವ ಟರ್ಬೊ ಸೋರಿದರೂ ಬರುತ್ತವೆ, ಇಂಜಿನ್‌ನ ಉಸಿರಾಟದ ಪೈಪು ಕಟ್ಟಿಕೊಂಡರೂ ಬರುತ್ತವೆ. ವಾಲ್ವ್ ಸೀಲ್ ಬದಲಿಸುವುದು ಸಣ್ಣ ಕೆಲಸ, ಬೋರ್ ಮಾಡಿಸುವುದು, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸ್ವಲ್ಪ ಅಗಲ ಮಾಡಿಸುವುದು, ಇಂಜಿನ್ ಇಳಿಸಿ ಪೂರ್ತಿ ಬಿಚ್ಚುವ ಕೆಲಸ. ಹಾಗಾಗಿ ಬಾಯಿಮಾತಿನ ತೀರ್ಪು ಸಾಲದು. ಅಳತೆ ಬೇಕು.

ಇಂಜಿನ್ ಬಿಚ್ಚಿ ಟೇಬಲ್ ಮೇಲೆ ಹರಡಿದ ಮೇಲೆ ನಿಮಗೆ ಬೇರೆ ದಾರಿ ಉಳಿಯುವುದಿಲ್ಲ. ಆದ್ದರಿಂದ ಬಿಚ್ಚುವ ಮುಂಚೆಯೇ ಟೆಸ್ಟ್ ಮಾಡಿಸಿ.

ಹೊಗೆಯ ಬಣ್ಣ ನೋಡಿ ಏನಾದರೂ ತಿಳಿಯುತ್ತದಾ?

ಸಾಕಷ್ಟು ತಿಳಿಯುತ್ತದೆ. ನೀಲಿ ಹೊಗೆ ಅಂದರೆ ಆಯಿಲ್ ಉರಿಯುತ್ತಿದೆ. ರಾತ್ರಿಯಿಡೀ ನಿಂತ ಗಾಡಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಒಂದು ಸಲ ನೀಲಿ ಹೊಗೆ ಉಗುಳಿ ಸರಿಯಾದರೆ ವಾಲ್ವ್ ಸೀಲ್ ಮೇಲೆ ಅನುಮಾನಪಡಿ. ಎಕ್ಸಲರೇಟರ್ ಒತ್ತಿದಾಗೆಲ್ಲ, ದಿಬ್ಬ ಏರುವಾಗೆಲ್ಲ ನೀಲಿ ಬಂದರೆ ರಿಂಗ್ ಅಥವಾ ಟರ್ಬೊ. ಇಂಜಿನ್ ಬಿಸಿಯಾದ ಮೇಲೂ ನಿಲ್ಲದ ದಟ್ಟ ಬಿಳಿ ಹೊಗೆ, ಜೊತೆಗೆ ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ ಹೆಡ್ (ಸಿಲಿಂಡರ್‌ಗಳ ಮೇಲೆ ಕೂರುವ, ವಾಲ್ವ್ ಇರುವ ಭಾಗ) ಕೆಳಗಿನ ಗ್ಯಾಸ್ಕೆಟ್ ಹೋಗಿರಬಹುದು, ಇಲ್ಲವೇ ಹೆಡ್ ಸೀಳಿರಬಹುದು. ಡೀಸೆಲ್ ಗಾಡಿಯ ಕಪ್ಪು ಹೊಗೆಗೆ ಇಂಜಿನ್ ಬಿಚ್ಚುವ ಮಾತೇ ಬೇಡ. ಮೊದಲು ಏರ್ ಫಿಲ್ಟರ್, ಡೀಸೆಲ್ ಸಿಂಪಡಿಸುವ ಇಂಜೆಕ್ಟರ್, ಹೊಗೆಯ ಒಂದು ಪಾಲನ್ನು ಮತ್ತೆ ಇಂಜಿನ್‌ಗೆ ಕಳಿಸುವ ಇಜಿಆರ್, ಟರ್ಬೊ ಪೈಪು ನೋಡಿಸಿ.

ಇನ್ನೊಂದು ಪರೀಕ್ಷೆ ನೀವೇ ಮಾಡಬಹುದು. ಇಂಜಿನ್ ಬಿಸಿಯಾದ ಮೇಲೆ ಐಡಲ್‌ನಲ್ಲಿ ಬಿಟ್ಟು ಆಯಿಲ್ ತುಂಬುವ ಮುಚ್ಚಳ ನಿಧಾನಕ್ಕೆ ತೆಗೆಯಿರಿ. ಚೂರುಪಾರು ಆವಿ ಸಹಜ. ಬುಸುಬುಸು ಎಂದು ಒತ್ತಡದಿಂದ ಹೊಗೆ ಬಂದರೆ ರಿಂಗ್ ದಾಟಿ ಗ್ಯಾಸ್ ಕೆಳಗಿಳಿಯುತ್ತಿದೆ. ಮುಚ್ಚಳದ ಒಳಬದಿಯಲ್ಲಿ ಕಾಫಿಗೆ ಹಾಲು ಬೆರೆಸಿದಂಥ ಬಣ್ಣದ ಅಂಟು ಕಂಡರೆ ಡಿಪ್‌ಸ್ಟಿಕ್ಕನ್ನೂ ನೋಡಿ. ಅಲ್ಲೂ ಅದೇ ಬಣ್ಣವಿದ್ದರೆ ಆಯಿಲ್‌ಗೆ ನೀರು ಸೇರಿದೆ ಎಂದೇ ಲೆಕ್ಕ, ಆ ಗಾಡಿಯನ್ನು ಒಂದು ಕಿಲೋಮೀಟರ್ ಕೂಡ ಓಡಿಸಬೇಡಿ, ಟೋ ಮಾಡಿಸಿ. ಮಳೆಗಾಲದಲ್ಲಿ ಬರೀ ಸಣ್ಣ ದೂರ ಓಡುವ ಗಾಡಿಯಲ್ಲಿ ಮುಚ್ಚಳದ ಕೆಳಗೆ ಮಾತ್ರ ಇದು ಕಾಣುವುದುಂಟು, ಅದಕ್ಕೆ ಹೆದರಬೇಕಿಲ್ಲ.

ಕಂಪ್ರೆಶನ್ ಟೆಸ್ಟ್ ಮಾಡಿಸಿ ಅನ್ನುತ್ತೀರಿ. ಅದರಲ್ಲಿ ಏನು ನೋಡಬೇಕು?

ಪಿಸ್ಟನ್ ಮೇಲೇರುವಾಗ ಸಿಲಿಂಡರಿನೊಳಗೆ ಎಷ್ಟು ಒತ್ತಡ ಕಟ್ಟುತ್ತದೆ ಎಂದು ಅಳೆಯುವ ಇದು, ಈ ಇಡೀ ವಿಷಯದಲ್ಲಿ ಅತಿ ಕಡಿಮೆ ಖರ್ಚಿಗೆ ಅತಿ ಹೆಚ್ಚು ಹೇಳುವ ಪರೀಕ್ಷೆ. ಪೆಟ್ರೋಲ್ ಗಾಡಿಯಾದರೆ ಇಂಜಿನ್ ಬಿಸಿ ಇರುವಾಗ ಸ್ಪಾರ್ಕ್ ಪ್ಲಗ್ ಎಲ್ಲವನ್ನೂ ಬಿಚ್ಚುತ್ತಾರೆ. ಕರೆಂಟು, ಪೆಟ್ರೋಲು ಎರಡೂ ಬರದಂತೆ ಮಾಡುತ್ತಾರೆ. ಪ್ಲಗ್ ಜಾಗಕ್ಕೆ ಗೇಜ್ ತಿರುಗಿಸಿ, ಒಬ್ಬರು ಎಕ್ಸಲರೇಟರ್ ಪೂರ್ತಿ ಒತ್ತಿ ಹಿಡಿದು ನಾಲ್ಕೈದು ಸುತ್ತು ಸೆಲ್ಫ್ ಹೊಡೆಯುತ್ತಾರೆ. ಪ್ರತಿ ಸಿಲಿಂಡರಿಗೂ ಇದೇ ಕ್ರಮ. ಬ್ಯಾಟರಿ ಗಟ್ಟಿಯಾಗಿರಬೇಕು. ಸೆಲ್ಫ್ ನಿಧಾನಕ್ಕೆ ತಿರುಗಿದರೆ ಒಳ್ಳೆ ಇಂಜಿನ್ನೂ ಕಡಿಮೆ ತೋರಿಸುತ್ತದೆ.

ಮಾರುತಿ 800ರ ಮೂರು ಸಿಲಿಂಡರಿನಲ್ಲಿ 170, 165, 110 ಪಿಎಸ್‌ಐ (ಒತ್ತಡದ ಅಳತೆ) ಬಂತು ಅಂತಿಟ್ಟುಕೊಳ್ಳಿ. ಮೊದಲ ಎರಡು ಚೆನ್ನಾಗಿವೆ, ಮೂರನೆಯದು ಸೋತಿದೆ. ಈಗ ಆ ಮೂರನೇ ಸಿಲಿಂಡರಿಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಬೇಕು. 110 ಇದ್ದದ್ದು 150ಕ್ಕೆ ಏರಿದರೆ ಆಯಿಲ್ ರಿಂಗಿನ ಸಂದು ಮುಚ್ಚಿತು ಎಂದಾಯಿತು, ದೋಷ ರಿಂಗ್ ಅಥವಾ ಬೋರಿನಲ್ಲಿದೆ. ಏರದೆ ಅಲ್ಲೇ ನಿಂತರೆ ದೋಷ ಮೇಲಿದೆ, ಅಂದರೆ ವಾಲ್ವ್ ಅಥವಾ ಗ್ಯಾಸ್ಕೆಟ್‌ನಲ್ಲಿ. ಆಗ ಹೆಡ್ ಕೆಲಸ ಸಾಕು, ಸಿಲಿಂಡರ್‌ಗಳಿರುವ ಬ್ಲಾಕ್ ಮುಟ್ಟುವುದೇ ಬೇಡ. ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಸೋತಿದ್ದರೆ ಅವುಗಳ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿರುವ ಸಾಧ್ಯತೆ ಹೆಚ್ಚು.

ಒಟ್ಟು ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸ ಮುಖ್ಯ. ಶೇ 10–15ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಕಾರಣ ಹುಡುಕಬೇಕು. ಡೀಸೆಲ್‌ನಲ್ಲಿ ಗ್ಲೋ ಪ್ಲಗ್ ಅಥವಾ ಇಂಜೆಕ್ಟರ್ ಜಾಗದಿಂದ ಅಳೆಯುತ್ತಾರೆ. ಒತ್ತಡ 350–500 ಪಿಎಸ್‌ಐ ಇರುವುದರಿಂದ ಅದಕ್ಕೆ ಬೇರೆಯದೇ ಗೇಜ್ ಬೇಕು. ಗೇಜ್ ಇಲ್ಲದ ಗ್ಯಾರೇಜಿನಲ್ಲಿ ಇಂಜಿನ್ ಕೆಲಸ ಮಾಡಿಸುವುದನ್ನು ನಾನು ಯಾರಿಗೂ ಹೇಳುವುದಿಲ್ಲ.

ಗಾಡಿ ಆಯಿಲ್ ಕುಡಿಯುತ್ತದೆ, ಅಷ್ಟೇ. ಬಿಚ್ಚಲೇಬೇಕಾ?

ಬೇಡ. ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ತನಕ ಸಹಿಸಬಹುದೆಂದು ಹೇಳುವ ಕಂಪನಿಗಳೇ ಇವೆ. ನನ್ನ ದೃಷ್ಟಿಯಲ್ಲಿ ಎರಡು–ಮೂರು ಸಾವಿರ ಕಿಲೋಮೀಟರಿಗೆ ಒಂದು ಲೀಟರ್ ಹೋಗುತ್ತಾ, ಕಂಪ್ರೆಶನ್ ಚೆನ್ನಾಗಿದ್ದು, ಹೊಗೆ ತಪಾಸಣೆಯಲ್ಲಿ ಪಾಸಾಗುವ ಗಾಡಿಯನ್ನು ಹಾಗೇ ಓಡಿಸಬೇಕು. ಎರಡು ಸಲ ಪೆಟ್ರೋಲ್ ಹಾಕಿಸಿದಾಗ ಒಂದು ಸಲ ಡಿಪ್‌ಸ್ಟಿಕ್ ನೋಡಿ, ಕಡಿಮೆಯಿದ್ದರೆ ತುಂಬಿ. ವರ್ಷಕ್ಕೆ ಐದಾರು ಸಾವಿರ ಕಿಲೋಮೀಟರ್ ಓಡುವ ಮನೆಯ ಕಾರಿಗೆ ಎರಡು–ಮೂರು ಲೀಟರ್ ಆಯಿಲ್ ಹೆಚ್ಚುವರಿ ಬೇಕಾಗಬಹುದು. ಅಷ್ಟಕ್ಕಾಗಿ ಇಂಜಿನ್ ಇಳಿಸುವುದು ಲೆಕ್ಕಕ್ಕೆ ಬರುವುದಿಲ್ಲ.

ಆಯಿಲ್ ಲೈಟ್ ಹತ್ತಿದರೆ ಮಾತ್ರ ಕಥೆ ಬೇರೆ. ತಕ್ಷಣ ಆಫ್ ಮಾಡಿ. "ಇಲ್ಲೇ ಎರಡು ಕಿಲೋಮೀಟರ್, ಮನೆ ಸೇರಿಬಿಡೋಣ" ಎಂದು ಓಡಿಸಿದ ಆ ಎರಡು ಕಿಲೋಮೀಟರಿನಲ್ಲೇ ಬೇರಿಂಗ್ ಶೆಲ್ ಕರಗಿ, ಅದರ ಮೇಲೆ ತಿರುಗುವ ಇಂಜಿನ್‌ನ ಮುಖ್ಯ ದಂಡವಾದ ಕ್ರ್ಯಾಂಕ್ ಕಚ್ಚಿಕೊಳ್ಳುತ್ತದೆ.

ಘಾಟಿ ಹತ್ತುವಾಗ ಬಾಯ್ಲ್ ಆಗಿ ನಿಂತುಬಿಟ್ಟಿತು. ಇಂಜಿನ್ ಹೋಯಿತಾ?

ಹೋಗಿರಲೇಬೇಕೆಂದಿಲ್ಲ. ಶಿರಾಡಿ, ಚಾರ್ಮಾಡಿ, ಆಗುಂಬೆಯ ತಿರುವುಗಳಲ್ಲಿ ಪೂರ್ತಿ ಲೋಡು, ಎಸಿ, ಮೊದಲ ಗೇರು, ಹಳೇ ರೇಡಿಯೇಟರ್ ಒಟ್ಟಿಗೆ ಸೇರಿದರೆ ನೀರು ಕುದಿಯುತ್ತದೆ. ಸೂಜಿ ಕೆಂಪಿಗೆ ಹೋದ ಕೂಡಲೇ ನಿಲ್ಲಿಸಿದವರಿಗೆ ಸಾಮಾನ್ಯವಾಗಿ ಹೆಡ್ ಗ್ಯಾಸ್ಕೆಟ್ ಕೆಲಸದಲ್ಲಿ ಮುಗಿಯುತ್ತದೆ, ಎಷ್ಟೋ ಸಲ ಅದೂ ಬೇಕಾಗುವುದಿಲ್ಲ.

ಹೆಡ್ ಬಿಚ್ಚಿದರೆ ಅದನ್ನು ನೇರ ಪಟ್ಟಿಯಿಟ್ಟು, ಫೀಲರ್ ಗೇಜ್ (ಸಂದು ಅಳೆಯುವ ತೆಳು ತಗಡುಗಳು) ತೂರಿಸಿ ನೋಡಬೇಕು. ಅಲ್ಯುಮಿನಿಯಂ ಹೆಡ್ ಬಿಸಿಗೆ ಬಾಗುತ್ತದೆ. ಎಷ್ಟು ಬಾಗಿದರೆ ನಡೆಯುತ್ತದೆ ಎಂಬುದು ಆಯಾ ಇಂಜಿನ್‌ನ ಸರ್ವಿಸ್ ಪುಸ್ತಕದಲ್ಲಿರುತ್ತದೆ, ಸಾಧಾರಣವಾಗಿ ಅದು 0.05 ಮಿ.ಮೀ. ಆಸುಪಾಸಿನಲ್ಲಿ. ಹೆಚ್ಚಿದ್ದರೆ ಲೇತ್‌ನಲ್ಲಿ (ಲೋಹದ ಭಾಗ ಅಳೆದು ಕೊರೆಯುವ, ಸವರುವ ವರ್ಕ್‌ಶಾಪ್) ಫೇಸಿಂಗ್ ಮಾಡಿಸಬೇಕು, ಅಂದರೆ ಮೇಲ್ಮೈ ಸವರಿ ಸಮ ಮಾಡಿಸಬೇಕು. ಫೇಸಿಂಗ್ ಮಾಡದೆ ಹೊಸ ಗ್ಯಾಸ್ಕೆಟ್ ಇಟ್ಟು ಬಿಗಿದರೆ ಕೆಲವೇ ತಿಂಗಳಲ್ಲಿ ಮತ್ತೆ ಅದೇ ಜಾಗಕ್ಕೆ ಬರುತ್ತೀರಿ. ಬ್ಲಾಕಿನ ಮೇಲ್ಮೈಯನ್ನೂ ಅದೇ ಪಟ್ಟಿಯಿಂದ ನೋಡಲು ಹೇಳಿ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ನಮ್ಮಲ್ಲಿ ಗಾಡಿ ಬಿಸಿಯಾಗುತ್ತದೆ ಎಂದ ಕೂಡಲೇ, ಇಂಜಿನ್ ಬಿಸಿಯಾಗುವ ತನಕ ನೀರನ್ನು ರೇಡಿಯೇಟರಿಗೆ ಬಿಡದ ಥರ್ಮೋಸ್ಟಾಟ್ ವಾಲ್ವ್ ಕಿತ್ತು ಬಿಸಾಡುವ ಅಭ್ಯಾಸವಿದೆ. ಹಾಗೆ ಮಾಡಿದರೆ ಇಂಜಿನ್ ತನ್ನ ಸರಿಯಾದ ಬಿಸಿಗೆ ಬರುವುದೇ ಇಲ್ಲ. ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ತಣ್ಣನೆಯ ಸಿಲಿಂಡರ್ ಗೋಡೆಯ ಮೇಲಿನ ಆಯಿಲ್ ಪದರ ತೊಳೆದುಹೋಗಿ ಬೋರ್ ಬೇಗ ಸವೆಯುತ್ತದೆ. ಕೂಲಂಟ್ ಬದಲು ಬೋರ್‌ವೆಲ್ ನೀರು ತುಂಬುವುದೂ ಇಷ್ಟೇ ಕೆಟ್ಟದ್ದು. ಆ ಗಡಸು ನೀರಿನ ಸುಣ್ಣ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲಿ ಕಟ್ಟಿಕೊಳ್ಳುತ್ತದೆ, ಅಲ್ಯುಮಿನಿಯಂ ಭಾಗ ಕೊರೆದುಹೋಗುತ್ತದೆ. ಇಂಜಿನ್‌ಗೆ ಎಷ್ಟೇ ಖರ್ಚು ಮಾಡಿ, ರೇಡಿಯೇಟರ್, ವಾಟರ್ ಪಂಪ್, ಫ್ಯಾನ್, ಥರ್ಮೋಸ್ಟಾಟ್, ಹೋಸ್‌ಗಳನ್ನು ನೋಡದೆ ಬಿಟ್ಟರೆ ಹೊಸ ಇಂಜಿನ್ನೂ ಹಳೆಯದರ ದಾರಿಯನ್ನೇ ಹಿಡಿಯುತ್ತದೆ.

ಹಾಫ್ ಇಂಜಿನ್, ಫುಲ್ ಇಂಜಿನ್, ಹೆಡ್ ಕೆಲಸ ಅಂತೆಲ್ಲ ಅನ್ನುತ್ತಾರೆ. ಏನು ವ್ಯತ್ಯಾಸ?

ಹೆಡ್ ಕೆಲಸ ಅಂದರೆ ಮೇಲ್ಭಾಗ ಮಾತ್ರ: ವಾಲ್ವ್, ಗೈಡ್, ಸೀಲ್, ಫೇಸಿಂಗ್, ಗ್ಯಾಸ್ಕೆಟ್. ಹಾಫ್ ಇಂಜಿನ್ ಅನ್ನುವುದು ಊರಿಂದೂರಿಗೆ ಅರ್ಥ ಬದಲಿಸುತ್ತದೆ. ಕೆಲವರು ಹೆಡ್ ಕೆಲಸದ ಜೊತೆ ರಿಂಗ್, ಬೇರಿಂಗ್ ಶೆಲ್ ಬದಲಿಸುವುದನ್ನು ಹಾಗೆನ್ನುತ್ತಾರೆ. ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಹೆಡ್ ಇಲ್ಲದ, ಬ್ಲಾಕ್, ಕ್ರ್ಯಾಂಕ್, ಪಿಸ್ಟನ್ ಜೋಡಿಸಿದ ಸೆಟ್ಟನ್ನು ಹಾಗೆ ಕರೆಯುತ್ತಾರೆ. ಆದ್ದರಿಂದ ಕೆಲಸದ ಹೆಸರು ಕೇಳಿ ಒಪ್ಪಬೇಡಿ, ಯಾವ ಯಾವ ಭಾಗ ಹೊಸದು ಎಂದು ಬರೆಸಿಕೊಳ್ಳಿ. ಫುಲ್ ಇಂಜಿನ್ ಎಂದರೆ ಬೋರ್ ಮಾಡಿಸಿ ಓವರ್‌ಸೈಜ್ ಪಿಸ್ಟನ್ ಹಾಕುವುದು, ಕ್ರ್ಯಾಂಕ್ ಗ್ರೈಂಡ್ ಮಾಡಿಸಿ ಅದಕ್ಕೆ ತಕ್ಕ ಶೆಲ್ ಕೂರಿಸುವುದು, ಆಯಿಲ್ ಪಂಪ್, ಟೈಮಿಂಗ್ ಕಿಟ್, ಹೆಡ್ ಕೆಲಸ, ಎಲ್ಲವೂ.

ಯಾವಾಗ ಇದೇ ಇಂಜಿನ್ ಉಳಿಸಿಕೊಳ್ಳಬೇಕು?

ಬ್ಲಾಕ್ ಸೀಳಿಲ್ಲ, ಕ್ರ್ಯಾಂಕ್ ಉಳಿಯುತ್ತದೆ, ಒಳ್ಳೆ ಕಂಪನಿಯ ಬಿಡಿಭಾಗ ಸಿಗುತ್ತದೆ, ಊರಿನಲ್ಲಿ ಅಳತೆ ಗೊತ್ತಿರುವ ಲೇತ್ ಇದೆ ಎಂದಾದರೆ ನನ್ನ ಮತ ಯಾವಾಗಲೂ ಇದ್ದ ಇಂಜಿನ್ ಕಡೆಗೇ. ಅದರ ಚರಿತ್ರೆ ನಿಮಗೆ ಗೊತ್ತು. ಇಂಜಿನ್ ನಂಬರ್ ಬದಲಾಗುವುದಿಲ್ಲ, ಆರ್‌ಟಿಒ ಓಡಾಟವೂ ಇಲ್ಲ.

ಲೇತ್‌ನಲ್ಲಿ ಒಂದು ಗಂಟೆ ನಿಂತು ನೋಡಿ, ತೀರ್ಮಾನ ತಾನೇ ಕಣ್ಣಿಗೆ ಕಾಣುತ್ತದೆ. ಒಳ್ಳೆ ಲೇತ್‌ನವರು ಡಯಲ್ ಇರುವ ಬೋರ್ ಗೇಜ್ ಇಳಿಸಿ ಸಿಲಿಂಡರನ್ನು ಮೇಲೆ, ನಡುವೆ, ಕೆಳಗೆ ಅಳೆಯುತ್ತಾರೆ, ಮತ್ತೆ ಗೇಜ್ ಅಡ್ಡ ತಿರುಗಿಸಿ ಅದೇ ಮೂರು ಜಾಗ ಅಳೆಯುತ್ತಾರೆ. ಸವೆತ ಹೆಚ್ಚಿರುವುದು ಮೇಲ್ಗಡೆ, ಮೊದಲ ರಿಂಗ್ ಹೊರಳುವ ಜಾಗದಲ್ಲಿ. ಅಲ್ಲಿ ಬೆರಳಾಡಿಸಿದರೆ ಉಗುರಿಗೆ ಸಣ್ಣದೊಂದು ಮೆಟ್ಟಿಲು ತಗಲುತ್ತದೆ. ಮಾರುತಿ 800ರ ಬೋರ್ ಹೊಸತರಲ್ಲಿ 68.5 ಮಿ.ಮೀ. ಮೇಲಕ್ಕೂ ಕೆಳಕ್ಕೂ ವ್ಯತ್ಯಾಸ 0.10 ಮಿ.ಮೀ. ದಾಟಿದರೆ ಬರೀ ರಿಂಗ್ ಬದಲಿಸಿ ಪ್ರಯೋಜನವಿಲ್ಲ, ಬೋರ್ ಮಾಡಿಸಿ 0.25 ಅಥವಾ 0.50 ಓವರ್‌ಸೈಜ್ ಪಿಸ್ಟನ್ ಹಾಕಬೇಕು. ಅಲ್ಲಿಗೂ ನಿಲ್ಲದಿದ್ದರೆ ಒಳಗೆ ಹೊಸ ಕೊಳವೆ, ಅಂದರೆ ಸ್ಲೀವ್, ಕೂರಿಸಿ ಮತ್ತೆ ಮೂಲ ಅಳತೆಗೆ ತರಬಹುದು. ಕೊನೆಯಲ್ಲಿ ಹೋನಿಂಗ್ ಮಾಡಿದ, ಅಂದರೆ ಸಾಣೆಕಲ್ಲಿನಿಂದ ಉಜ್ಜಿದ, ಗೋಡೆಯ ಮೇಲೆ ಓರೆಯಾಗಿ ಒಂದನ್ನೊಂದು ದಾಟುವ ಸಣ್ಣ ಗೆರೆಗಳಿರಬೇಕು. ಆಯಿಲ್ ನಿಲ್ಲುವುದು ಆ ಗೆರೆಗಳಲ್ಲೇ. ಗಾಜಿನಂತೆ ನುಣುಪಾಗಿ ಹೊಳೆಯುವ ಬೋರ್ ಕಂಡರೆ ಖುಷಿಪಡಬೇಡಿ, ಅದರಲ್ಲಿ ಹೊಸ ರಿಂಗ್ ಕೂರುವುದಿಲ್ಲ.

ಜೋಡಿಸುವ ಮುಂಚೆ ಹೊಸ ರಿಂಗನ್ನು ಬೋರಿನೊಳಗೆ ಇಳಿಸಿ, ಅದರ ಎರಡು ತುದಿಗಳ ನಡುವಿನ ಸಂದನ್ನು ಫೀಲರ್ ಗೇಜಿನಿಂದ ನೋಡಬೇಕು. ಇಷ್ಟು ಸಣ್ಣ ಬೋರಿಗೆ ಅದು ಸುಮಾರು 0.2ರಿಂದ 0.3 ಮಿ.ಮೀ. ಇರಬೇಕು. ಇದನ್ನು ನಿಮ್ಮ ಮುಂದೆ ಮಾಡಿ ತೋರಿಸುವ ಮೇಸ್ತ್ರಿ ಸಿಕ್ಕರೆ ಅವರನ್ನು ಬಿಡಬೇಡಿ.

ಮತ್ತೆ ಯಾವಾಗ ಬೇರೆ ಇಂಜಿನ್ ಹಾಕಿಸಬೇಕು?

ಕನೆಕ್ಟಿಂಗ್ ರಾಡ್ ಬ್ಲಾಕ್ ಒಡೆದುಕೊಂಡು ಆಚೆ ಬಂದಿದ್ದರೆ. ಬ್ಲಾಕ್ ಸೀಳಿದ್ದರೆ. ಬೇರಿಂಗ್ ಕಚ್ಚಿಕೊಂಡು ಬ್ಲಾಕಿನಲ್ಲಿ ಶೆಲ್ ಕೂರುವ ಜಾಗವೇ ತಿರುಗಿಹೋಗಿದ್ದರೆ. ಕ್ರ್ಯಾಂಕನ್ನು ಹಿಂದೆಯೇ ಕೊನೆಯ ಅಳತೆಗೆ ಗ್ರೈಂಡ್ ಮಾಡಿಸಿ ಮುಗಿದಿದ್ದರೆ. ಆ ಇಂಜಿನ್‌ಗೆ ಓವರ್‌ಸೈಜ್ ಪಿಸ್ಟನ್ನೇ ಸಿಗದಿದ್ದರೆ. ಟೈಮಿಂಗ್ ಬೆಲ್ಟ್ ತುಂಡಾಗಿ ವಾಲ್ವ್, ಪಿಸ್ಟನ್, ಹೆಡ್ ಎಲ್ಲಕ್ಕೂ ಪೆಟ್ಟಾಗಿದ್ದರೂ ಒಮ್ಮೆ ಎರಡೂ ಲೆಕ್ಕ ಹಾಕಿ ನೋಡಬೇಕು.

ಇನ್ನೋವಾ, ಸ್ವಿಫ್ಟ್ ಡೀಸೆಲ್‌ನಂಥ ಕಾಮನ್ ರೈಲ್ ಗಾಡಿಗೂ ಇದೇ ಲೆಕ್ಕವಾ?

ಲೆಕ್ಕ ಇದೇ, ಆದರೆ ಮೊತ್ತ ದೊಡ್ಡದು. ಹಳೇ ಕ್ವಾಲಿಸ್‌ನಲ್ಲಿ ಕಂಪ್ಯೂಟರ್ ಇಲ್ಲದ 2.4 ಲೀಟರ್ ಡೀಸೆಲ್ ಇತ್ತು. 2005ರಲ್ಲಿ ಅದರ ಜಾಗಕ್ಕೆ ಬಂದ ಇನ್ನೋವಾದ 2,494 ಸಿಸಿ ಇಂಜಿನ್ ಕಾಮನ್ ರೈಲ್‌ನದು, ಅಂದರೆ ಹೆಚ್ಚು ಒತ್ತಡದ ಡೀಸೆಲ್ ಒಂದೇ ಕೊಳವೆಯಿಂದ ಎಲ್ಲ ಇಂಜೆಕ್ಟರಿಗೂ ಹೋಗುವ, ಕಂಪ್ಯೂಟರ್ ನಡೆಸುವ ವ್ಯವಸ್ಥೆ. ಇದರಲ್ಲಿ ಇಂಜೆಕ್ಟರ್, ಹೈ ಪ್ರೆಶರ್ ಪಂಪ್, ಟರ್ಬೊ ಇಂಜಿನ್‌ನಷ್ಟೇ ದುಬಾರಿ ಸಂಗತಿಗಳು. ಹಾಳಾದ ಇಂಜೆಕ್ಟರ್ ಡೀಸೆಲನ್ನು ಧಾರೆಯಾಗಿ ಸುರಿದರೆ ಪಿಸ್ಟನ್ ತಲೆಯೇ ಸುಟ್ಟು ತೂತಾಗುತ್ತದೆ. ಹಾಗೆ ಸುಟ್ಟ ಪಿಸ್ಟನ್ ಬದಲಿಸಿ ಅದೇ ಇಂಜೆಕ್ಟರ್ ಮತ್ತೆ ಕೂರಿಸಿದರೆ ಹೊಸ ಪಿಸ್ಟನ್ನೂ ಸುಡುತ್ತದೆ. ನಾಲ್ಕೂ ಇಂಜೆಕ್ಟರನ್ನು ಬೆಂಚ್ ಟೆಸ್ಟ್ ಮಾಡಿಸಿ ರಿಪೋರ್ಟ್ ತೆಗೆದುಕೊಳ್ಳಿ. ಹಲವು ಇಂಜಿನ್‌ಗಳಲ್ಲಿ ಇಂಜೆಕ್ಟರ್ ಮೇಲಿನ ಕೋಡನ್ನು ಇಸಿಯುಗೆ (ಇಂಜಿನ್‌ನ ಕಂಪ್ಯೂಟರ್) ಊಡಿಸಬೇಕು, ಸ್ಕ್ಯಾನರ್ ಇಲ್ಲದವರಿಂದ ಆಗದ ಕೆಲಸ ಅದು.

ಸ್ವಿಫ್ಟ್‌ನ 1,248 ಸಿಸಿ ಡೀಸೆಲ್ ಇಟ್ಟುಕೊಂಡವರಿಗೆ ಒಂದು ಅನುಕೂಲವಿದೆ. ಫಿಯೆಟ್ ಮೂಲದ ಅದೇ ಇಂಜಿನ್ ಡಿಸೈರ್, ರಿಟ್ಜ್, ಎರ್ಟಿಗಾ, ಇಂಡಿಕಾ ವಿಸ್ತಾ, ಪುಂಟೊಗಳಲ್ಲೂ ಓಡಿದೆ. ಮಾರುತಿ 2020ರ ಏಪ್ರಿಲ್‌ಗೆ ಡೀಸೆಲ್ ನಿಲ್ಲಿಸಿದರೂ ಬಿಡಿಭಾಗಕ್ಕೆ ಬರ ಬಂದಿಲ್ಲ. ಆದರೆ ಕಂಪನಿಯಿಂದ ಕಂಪನಿಗೆ ಸೆನ್ಸರ್, ಬ್ರ್ಯಾಕೆಟ್, ವೈರಿಂಗ್ ಬೇರೆ ಇರುತ್ತವೆ, ಪಾರ್ಟ್ ನಂಬರ್ ನೋಡಿಯೇ ಕೊಳ್ಳಿ.

ಗಾಡಿಯ ಬೆಲೆಯೇ ಒಂದೂವರೆ ಲಕ್ಷ, ಇಂಜಿನ್ ಕೆಲಸಕ್ಕೆ ಎಂಬತ್ತು ಸಾವಿರ ಅನ್ನುತ್ತಾರೆ. ಹುಚ್ಚುತನವಲ್ಲವಾ?

"ಗಾಡಿ ಬೆಲೆಯ ಅರ್ಧಕ್ಕಿಂತ ಹೆಚ್ಚು ಖರ್ಚಾದರೆ ಬೇಡ" ಎಂಬ ಮಾತು ಎಲ್ಲರ ಬಾಯಲ್ಲೂ ಇದೆ. ನಾನು ಅದನ್ನು ಒಪ್ಪುವುದಿಲ್ಲ. ಮಾರುವವರಿಗೆ ಆ ಲೆಕ್ಕ ಸರಿ. ಇಟ್ಟುಕೊಂಡು ಓಡಿಸುವವರು ಕೇಳಬೇಕಾದ್ದು, ಈ ಎಂಬತ್ತು ಸಾವಿರಕ್ಕೆ ಇನ್ನೆಷ್ಟು ವರ್ಷದ ಓಡಾಟ ಸಿಗುತ್ತದೆ, ಅಷ್ಟೇ ವರ್ಷದ ಓಡಾಟಕ್ಕೆ ಬೇರೆ ದಾರಿಯಲ್ಲಿ ಎಷ್ಟಾಗುತ್ತದೆ ಎಂದು.

ಒಂದು ಉದಾಹರಣೆ ನೋಡಿ. ಇಂಜಿನ್ ಕೆಟ್ಟ ಸ್ಥಿತಿಯಲ್ಲೇ ಗಾಡಿ ಮಾರಿದರೆ 60,000 ಸಿಗುತ್ತದೆ ಎನ್ನೋಣ. ಬದಲಿಗೆ ಕೊಳ್ಳುವ ಸೆಕೆಂಡ್ ಹ್ಯಾಂಡ್ ಕಾರು 3,50,000. ಅದಕ್ಕೆ ಹೆಸರು ಬದಲಾವಣೆ, ಇನ್ಶೂರೆನ್ಸ್, ಟೈರು, ಬ್ಯಾಟರಿ, ಮೊದಲ ಸರ್ವಿಸ್ ಸೇರಿ ಇನ್ನೊಂದು 40,000. ಕೈಯಿಂದ ಹೋಗುವುದು 3,30,000, ಆ ಕಾರಿನ ಇಂಜಿನ್ ಹೇಗಿದೆಯೆಂದು ನಿಮಗೆ ಗೊತ್ತೂ ಇಲ್ಲ. ಇತ್ತ 80,000 ಹಾಕಿ ಇದ್ದ ಗಾಡಿ ನಾಲ್ಕು ವರ್ಷ ಓಡಿದರೆ ವರ್ಷಕ್ಕೆ 20,000 ಬಿತ್ತು. ಒಂದೇ ವರ್ಷಕ್ಕೆ ಗಾಡಿ ಕೊಡುವ ಯೋಚನೆಯಿದ್ದರೆ ಮಾತ್ರ ಈ ಲೆಕ್ಕ ತಲೆಕೆಳಗಾಗುತ್ತದೆ. ಆಗ ಇದ್ದ ಸ್ಥಿತಿಯಲ್ಲೇ ಮಾರಿಬಿಡಿ.

ಲೆಕ್ಕ ಮುಗಿದ ಮೇಲೆ ಗಾಡಿಯ ಕೆಳಗೆ ಹೋಗಿ. ಇಂಜಿನ್‌ಗಿಂತ ಇದು ಮುಖ್ಯ. ಇಂಜಿನ್ ಬದಲಿಸಬಹುದು, ಬಾಡಿ ಬದಲಿಸಲಾಗದು. ಮಂಗಳೂರು, ಉಡುಪಿ, ಕಾರವಾರದ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಬೆಳೆದ ಗಾಡಿಯ ಫ್ಲೋರ್, ಬಾಗಿಲ ಕೆಳಗಿನ ಪಟ್ಟಿ, ಸಸ್ಪೆನ್ಶನ್ ಕೂರುವ ಜಾಗ ತುಕ್ಕು ಹಿಡಿದಿರುತ್ತದೆ. ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುವಷ್ಟು ತುಕ್ಕು ಸಸ್ಪೆನ್ಶನ್ ಜಾಗದಲ್ಲೋ ಚಾಸಿಯಲ್ಲೋ ಕಂಡರೆ ಆ ಗಾಡಿಗೆ ಇಂಜಿನ್ ಖರ್ಚು ಬೇಡವೇ ಬೇಡ. ರಾಯಚೂರು, ಬಳ್ಳಾರಿ ಕಡೆಯ ಗಾಡಿಯ ಬಾಡಿ ಗಟ್ಟಿಯಿರುತ್ತದೆ. ಅಲ್ಲಿ ಇಂಜಿನ್ ತಿನ್ನುವುದು ಧೂಳು. ಏರ್ ಫಿಲ್ಟರ್ ಪೆಟ್ಟಿಗೆ ಸರಿಯಾಗಿ ಮುಚ್ಚದೆ ಓಡಿದ ಗಾಡಿಯ ಬೋರ್ ನೋಡನೋಡುತ್ತಲೇ ಸವೆದುಹೋಗುತ್ತದೆ. ಅಂಥ ಗಾಡಿಗೆ ಇಂಜಿನ್ ಕೆಲಸ ಮಾಡಿಸುವುದು ಲಾಭದ ಬಾಬತ್ತು, ಫಿಲ್ಟರ್ ಪೆಟ್ಟಿಗೆ, ಅದರ ಹೋಸ್ ಎರಡನ್ನೂ ಬದಲಿಸಿದರೆ.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಇಂಜಿನ್ ಕಡಿಮೆಗೆ ಸಿಗುತ್ತದಂತೆ. ತರಬಹುದಾ?

ತರಬಹುದು, ಕಣ್ಣು ತೆರೆದಿಟ್ಟು. ಹಿಂದಿನಿಂದ ಗುದ್ದಿಸಿಕೊಂಡು ಗುಜರಿಗೆ ಬಂದ ಗಾಡಿಯ ಇಂಜಿನ್ ಬಹಳ ಸಲ ಚೆನ್ನಾಗಿರುತ್ತದೆ. ಗಾಡಿಯಲ್ಲಿ ಇರುವಾಗಲೇ ಸ್ಟಾರ್ಟ್ ಮಾಡಿಸಿ ಕೇಳಲು ಸಾಧ್ಯವಾದರೆ ಅದಕ್ಕಿಂತ ಒಳ್ಳೆಯದಿಲ್ಲ. ಇಳಿಸಿಟ್ಟ ಇಂಜಿನ್ ಆದರೆ ಕಂಪ್ರೆಶನ್ ತೋರಿಸಲು ಹೇಳಿ, ಪ್ಲಗ್ ತೂತಿನಿಂದ ಕ್ಯಾಮೆರಾ ಇಳಿಸಿ ಬೋರ್ ನೋಡಿಸಿ, ಆಯಿಲ್ ಮುಚ್ಚಳ ತೆಗೆದು ಒಳಗಿನ ಕೆಸರು ನೋಡಿ. ತೊಳೆದು ಬೆಳ್ಳಿಬಣ್ಣ ಬಳಿದು ಹೊಳೆಯುವ ಇಂಜಿನ್‌ಗಿಂತ ಧೂಳು ಹಿಡಿದದ್ದೇ ಮೇಲು, ಸೋರಿದ ಗುರುತು ಅದರಲ್ಲಿ ಮುಚ್ಚಿಹೋಗಿರುವುದಿಲ್ಲ.

ತಂದ ಮೇಲೆ ಹಾಗೇ ಕೂರಿಸಬೇಡಿ. ಟೈಮಿಂಗ್ ಬೆಲ್ಟ್, ಟೆನ್ಶನರ್, ವಾಟರ್ ಪಂಪ್, ಮುಂದಿನ ಹಿಂದಿನ ಆಯಿಲ್ ಸೀಲ್, ಕ್ಲಚ್ ಪ್ಲೇಟ್ ಇವನ್ನು ಇಂಜಿನ್ ಹೊರಗಿರುವಾಗಲೇ ಬದಲಿಸಿದರೆ ಲೇಬರ್ ಉಳಿಯುತ್ತದೆ. ಈ ಖರ್ಚು ಕೂಡಿಸಿದ ಮೇಲೆ ಗುಜರಿ ಇಂಜಿನ್ ನಿಜಕ್ಕೂ ಅಗ್ಗವೇ ಎಂದು ಮತ್ತೊಮ್ಮೆ ನೋಡಿ. ಎಷ್ಟೋ ಸಲ ಅಲ್ಲ.

ಇಂಜಿನ್ ಬದಲಿಸಿದರೆ ಆರ್‌ಟಿಒಗೆ ಹೇಳಬೇಕಾ?

ಹೇಳಲೇಬೇಕು. ಬ್ಲಾಕ್ ಬದಲಾದರೆ ಇಂಜಿನ್ ನಂಬರ್ ಬದಲಾಗುತ್ತದೆ, ಆರ್‌ಸಿಯಲ್ಲಿ ಇರುವುದು ಹಳೇ ನಂಬರ್. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ಇದಕ್ಕೆಂದೇ ಇದೆ. ಮುಂಚೆಯೇ ಅನುಮತಿ ಪಡೆಯುವುದು ಉತ್ತಮ. ಅನುಮತಿಯಿಲ್ಲದೆ ಬದಲಿಸಿದ್ದರೆ 14 ದಿನದೊಳಗೆ ತಿಳಿಸಿ ಆರ್‌ಸಿಯಲ್ಲಿ ನಮೂದಿಸಿಕೊಳ್ಳಬೇಕು. ಗಾಡಿ ಮೇಲೆ ಸಾಲವಿದ್ದರೆ ಬ್ಯಾಂಕಿನ ಒಪ್ಪಿಗೆ ಪತ್ರವನ್ನೂ ತೆಗೆದುಕೊಳ್ಳಿ. ಇಂಜಿನ್ ಕೊಂಡ ಬಿಲ್ಲು, ಅದು ಯಾವ ಗಾಡಿಯದೋ ಅದರ ಆರ್‌ಸಿ ನಕಲು, ಆ ಗಾಡಿ ಕಳವಿನದಲ್ಲ ಎಂಬುದಕ್ಕೆ ದಾಖಲೆ ಇಲ್ಲದೆ ಗುಜರಿ ಇಂಜಿನ್ ಮುಟ್ಟಬೇಡಿ. "ನಿಮ್ಮ ಹಳೇ ನಂಬರನ್ನೇ ಪಂಚ್ ಮಾಡಿಕೊಡ್ತೀವಿ" ಎನ್ನುವವರು ಸಿಗುತ್ತಾರೆ. ಅದು ಅಪರಾಧ, ನಾಳೆ ಪೊಲೀಸರ ಮುಂದೆ ನಿಲ್ಲುವುದು ಗಾಡಿಯ ಮಾಲೀಕರು. ಇನ್ಶೂರೆನ್ಸ್ ಪಾಲಿಸಿಯಲ್ಲೂ ನಂಬರ್ ಬದಲಿಸಿ, ಇಲ್ಲವಾದರೆ ಕ್ಲೇಮ್ ವೇಳೆ ಅಲ್ಲೇ ತಡೆಯುತ್ತಾರೆ.

ಗಾಡಿಗೆ ಹದಿನೈದು ವರ್ಷ ಆಗುತ್ತಾ ಬಂತು. ಈಗ ಇಂಜಿನ್‌ಗೆ ಖರ್ಚು ಮಾಡಿದರೆ ವ್ಯರ್ಥವಾಗುವುದಿಲ್ಲವಾ?

ದೆಹಲಿಯ ಸುದ್ದಿ ಕೇಳಿ ಇಲ್ಲಿಯವರು ಹೆದರುತ್ತಾರೆ. ಹತ್ತು ವರ್ಷದ ಡೀಸೆಲ್, ಹದಿನೈದು ವರ್ಷದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧ ದೆಹಲಿ ಮತ್ತು ಅದರ ಸುತ್ತಲಿನ ಪ್ರದೇಶದ್ದು. ಕರ್ನಾಟಕದಲ್ಲಿ ಸ್ವಂತ ಬಳಕೆಯ ಗಾಡಿಗೆ ಹದಿನೈದು ವರ್ಷದ ನಂತರ ತಪಾಸಣೆ ಮಾಡಿ ಐದೈದು ವರ್ಷಕ್ಕೆ ನೋಂದಣಿ ನವೀಕರಿಸುತ್ತಾರೆ. ಕಾರಿನ ನವೀಕರಣ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂಪಾಯಿ ಆಗಿದೆ. ಇಪ್ಪತ್ತು ವರ್ಷ ದಾಟಿದ ಕಾರಿಗೆ 2025ರಲ್ಲಿ 10,000ಕ್ಕೆ ಏರಿತು. ಹಸಿರು ತೆರಿಗೆ ಬೇರೆ. ನನ್ನ ಸಲಹೆ ಇಷ್ಟೇ: ಇನ್ನೇನು ನವೀಕರಣ ಹತ್ತಿರ ಬಂದಿದ್ದರೆ ಬಾಡಿ, ಬ್ರೇಕ್, ಹೊಗೆ ಪಾಸಾಗುತ್ತವೆಯೇ ಎಂದು ಮೊದಲು ತಿಳಿದುಕೊಂಡು ಆಮೇಲೆ ಇಂಜಿನ್‌ಗೆ ಕೈ ಹಾಕಿ. ಹಳದಿ ಬೋರ್ಡ್ ಗಾಡಿಗೆ ಎಂಟು ವರ್ಷದ ನಂತರ ಪ್ರತಿ ವರ್ಷ ಎಫ್‌ಸಿ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರದ ತಪಾಸಣೆ) ಇರುವುದರಿಂದ ಅವರು ದುಡಿಮೆ ನಿಲ್ಲುವ ದಿನಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅಂಥವರಿಗೆ ಮೂರು ವಾರದ ಬೋರ್ ಕೆಲಸಕ್ಕಿಂತ ನಾಲ್ಕು ದಿನದಲ್ಲಿ ಕೂರುವ ಇಂಜಿನ್ ಕೆಲವೊಮ್ಮೆ ಲಾಭ.

ಮಳೆನೀರಿನಲ್ಲಿ ನಿಂತುಹೋಯಿತು. ಸೆಲ್ಫ್ ಹೊಡೆದರೆ ಟಕ್ ಎನ್ನುತ್ತದೆ, ತಿರುಗುವುದಿಲ್ಲ.

ಇನ್ನೊಂದು ಸಲ ಸೆಲ್ಫ್ ಹೊಡೆಯಬೇಡಿ. ಸಿಲಿಂಡರಿಗೆ ನೀರು ಹೋಗಿದೆ. ನೀರು ಗಾಳಿಯಂತೆ ಕುಗ್ಗುವುದಿಲ್ಲ, ಒತ್ತಾಯ ಮಾಡಿದರೆ ರಾಡ್ ಬಾಗುತ್ತದೆ. ಪ್ಲಗ್ ಅಥವಾ ಇಂಜೆಕ್ಟರ್ ಬಿಚ್ಚಿ ನೀರು ತೆಗೆದು, ಆಯಿಲ್ ಬದಲಿಸಿ, ಕೈಯಲ್ಲಿ ತಿರುಗಿಸಿ ನೋಡಿ, ಕಂಪ್ರೆಶನ್ ಅಳೆಯಬೇಕು. ಒಂದೇ ಸಿಲಿಂಡರ್ ಕಡಿಮೆ ತೋರಿದರೆ ಆ ರಾಡ್ ಬಾಗಿರಬಹುದು. ಮಾಮೂಲಿ ಪಾಲಿಸಿಯಲ್ಲಿ ಇದಕ್ಕೆ ಸಾಧಾರಣವಾಗಿ ಹಣ ಸಿಗುವುದಿಲ್ಲ, ಇಂಜಿನ್ ರಕ್ಷಣೆಯ ಹೆಚ್ಚುವರಿ ಕವರ್ ಇರಬೇಕು. ಹಳೇ ಗಾಡಿಗೆ ಅದನ್ನು ಸುಲಭಕ್ಕೆ ಕೊಡುವುದಿಲ್ಲ.

ಇ20 ಪೆಟ್ರೋಲಿನಿಂದ ನನ್ನ ಹಳೇ ಇಂಜಿನ್ ಹೋಗುತ್ತದಾ?

ಇ20 ಅಂದರೆ ಶೇ 20 ಎಥೆನಾಲ್ ಬೆರೆಸಿದ ಪೆಟ್ರೋಲ್. ಅದರಿಂದ ಮೈಲೇಜ್ ಇಳಿಯುತ್ತದೆ. ನೀತಿ ಆಯೋಗದ 2021ರ ವರದಿಯೇ ಹಳೇ ಕಾರುಗಳಲ್ಲಿ ಶೇ 6–7ರಷ್ಟು ಇಳಿಕೆ ಅಂದಾಜಿಸಿತ್ತು. ಬೋರ್ ಹೋಗುತ್ತದೆ ಎಂದು ಹೆದರುವ ಅಗತ್ಯವಿಲ್ಲ, ಆದರೆ ಹಳೇ ರಬ್ಬರ್ ಹೋಸ್, ಗ್ಯಾಸ್ಕೆಟ್, ಕಾರ್ಬ್ಯುರೇಟರಿನ ಡಯಾಫ್ರಮ್ ಬೇಗ ಕೆಡಬಹುದು. ಇಂಜಿನ್ ಕೆಲಸ ಮಾಡಿಸುವಾಗಲೇ ಪೆಟ್ರೋಲ್ ಪೈಪುಗಳನ್ನು ಎಥೆನಾಲ್ ತಡೆಯುವಂಥದ್ದಕ್ಕೆ ಬದಲಿಸಿಬಿಡಿ.

ಬೈಕ್, ಟ್ರ್ಯಾಕ್ಟರಿಗೆ?

ಅಲ್ಲಿ ಯೋಚನೆ ಕಡಿಮೆ. ಬೈಕಿಗೆ ಸಿಲಿಂಡರ್–ಪಿಸ್ಟನ್ ಕಿಟ್ ಸಿಗುತ್ತದೆ, ಬದಲಿಸಿದರೆ ಆಯಿತು. ಟ್ರ್ಯಾಕ್ಟರ್, ಲಾರಿಯ ಬಹಳಷ್ಟು ಇಂಜಿನ್‌ಗಳಲ್ಲಿ ಬಿಚ್ಚಿ ತೆಗೆಯುವ ಲೈನರ್ ಇರುತ್ತದೆ, ಮತ್ತೆ ಮತ್ತೆ ಕಟ್ಟಲೆಂದೇ ಅವನ್ನು ಹಾಗೆ ಮಾಡಿರುವುದು. ಉಳುಮೆ ಮುಗಿದ ಬಿಡುವಿನಲ್ಲಿ ಕೆಲಸ ಮಾಡಿಸಿಕೊಳ್ಳಿ.

ಗ್ಯಾರೇಜಿನವರಿಂದ ಏನೇನು ಕೇಳಿ ಪಡೆಯಬೇಕು?

ಕೆಲಸದ ಮುಂಚೆ ಬರೆದ ಎಸ್ಟಿಮೇಟ್, ಲೇತ್‌ನ ಅಳತೆ ಚೀಟಿ, ಬಿಡಿಭಾಗಗಳ ಜಿಎಸ್‌ಟಿ ಬಿಲ್ಲು, ಬಿಚ್ಚಿದ ಹಳೇ ಭಾಗಗಳು. ಈ ಕೊನೆಯದನ್ನು ಸಂಕೋಚಪಡದೆ ಕೇಳಿ. ಹಳೇ ಪಿಸ್ಟನ್, ಶೆಲ್ ಕೈಯಲ್ಲಿ ಹಿಡಿದರೆ ಕೆಲಸ ನಿಜಕ್ಕೂ ಬೇಕಿತ್ತೇ ಎಂದು ತಿಳಿಯುತ್ತದೆ. ಬಿಡಿಭಾಗ ನೀವೇ ತರುವುದಾದರೆ ಜೆ.ಸಿ. ರಸ್ತೆಯಂಥ ಕಡೆ ಎರಡು–ಮೂರು ಅಂಗಡಿಯಲ್ಲಿ ವಿಚಾರಿಸಿ, ನಕಲಿ ಪೆಟ್ಟಿಗೆಗಳೂ ಅದೇ ಬೀದಿಗಳಲ್ಲಿ ತಿರುಗುತ್ತವೆ. ಕೋನದ ಅಳತೆಯಲ್ಲಿ ಬಿಗಿಯುವ ಹೆಡ್ ಬೋಲ್ಟ್‌ಗಳಿದ್ದರೆ ಹೊಸದನ್ನೇ ಹಾಕಿಸಿ, ಬಿಗಿಯಲು ಟಾರ್ಕ್ ರೆಂಚ್ ಬಳಸುತ್ತಾರೆಯೇ ನೋಡಿ.

ಕೆಲಸ ಮುಗಿಯಿತು. ಮೊದಲ ಸಾವಿರ ಕಿಲೋಮೀಟರ್ ಹೇಗೆ ಓಡಿಸಲಿ?

ಗಂಟೆಗಟ್ಟಲೆ ಐಡಲ್‌ನಲ್ಲಿ ಬಿಡುವ ಹಳೇ ಪದ್ಧತಿ ಬೇಡ, ಅದರಿಂದ ರಿಂಗ್ ಕೂರುವುದಿಲ್ಲ. ಸ್ಟಾರ್ಟ್ ಮಾಡಿ, ಸೋರಿಕೆ ನೋಡಿ, ಓಡಿಸಿ. ಒಂದೇ ವೇಗ ಹಿಡಿಯದೆ ಏರಿಳಿಸುತ್ತಿರಿ, ಹೆಚ್ಚಿನ ಗೇರಿನಲ್ಲಿ ಎಳೆದಾಡಿಸಬೇಡಿ, ಪೂರ್ತಿ ಲೋಡು ಹಾಕಿ ಘಾಟಿ ಹತ್ತಬೇಡಿ. 500ರಿಂದ 1,000 ಕಿಲೋಮೀಟರಿನೊಳಗೆ ಆಯಿಲ್, ಫಿಲ್ಟರ್ ಎರಡೂ ಬದಲಿಸಿ. ಇಳಿಸಿದ ಆಯಿಲನ್ನು ಬಿಳಿ ಡಬ್ಬದಲ್ಲಿ ಹಿಡಿದು ಬಿಸಿಲಿಗೆ ಓರೆ ಮಾಡಿ ನೋಡಿ. ಬೂದುಬಣ್ಣದ ನುಣ್ಣನೆಯ ಹೊಳಪು ಸ್ವಲ್ಪ ಇದ್ದೇ ಇರುತ್ತದೆ. ಬೆರಳಿಗೆ ಸಿಗುವಂಥ ಲೋಹದ ಚೂರು ಕಂಡರೆ ಅದೇ ದಿನ ಗಾಡಿ ವಾಪಸ್ ಗ್ಯಾರೇಜಿಗೆ ಹೋಗಬೇಕು.